ಮುಗುಡುಗುಂಡಿಯ ಶ್ರೀ ಸ್ಪರ್ಶಲಿಂಗೇಶ್ವರ ಮಹಿಮೆ

ಘಟ್ಟದಡಿಯ ಈ ನದೀತೀರದಲ್ಲಿ ದಾರಿಯೆಂದರೆ ಆನೆ ತುಳಿದ ಜಾಡೇ ಆಗಿದ್ದ ಯುಗಸಂಧಿಯ ಪುರಾತನ ಕಾಲದಲ್ಲಿ, ಶಂಕುಧರನೆಂಬ ಮುನಿಯು ನರ್ಮದೆಯಿಂದ ಶಿರಸ್ಸಿನ ಮೇಲೆ ಹೊತ್ತು ತಂದ ಶಿವಲಿಂಗವನ್ನು ಎಲ್ಲಿ ಪ್ರತಿಷ್ಠಾಪಿಸಿದರೂ ಯಾರಾದರೂ ಅಪಹರಿಸಿಯಾರೆಂಬ ಶಂಕೆಯಿಂದ ನಿದ್ರಾಹಾರಗಳನ್ನು ತೊರೆದು ಅಲೆದಲೆದು, ಕಡೆಗೆ ಹೊಳೆಯ ತಿರುವಿನ ಅಗಾಧವಾದ ಗುಂಡಿಯಲ್ಲಿ, ನೀರೊಳಗಿನ ಹೆಬ್ಬಂಡೆಯ ಬಿಲದೊಳಗೆ ಅದನ್ನಿರಿಸಿ, ಯಾರ ಕಣ್ಣಿಗೂ ಬೀಳದಿರೆಂದು ಬೇಡಿಕೊಂಡು ತಪೋಲೋಕಕ್ಕೆ ತೆರಳಿದನೆಂದು ನಮ್ಮ ಹಿರಿಯರಿಂದ ಕೇಳಿಬಂದಿದೆ. ಮುನಿವಾಕ್ಯ ಹುಸಿಯಾಗಲಿಲ್ಲ. ಆ ಲಿಂಗವನ್ನು ಕಂಡವರು ಇಂದಿಗೂ ಇಲ್ಲ. ಇಲ್ಲಿ ಸ್ಪರ್ಶವೇ ದರ್ಶನ. ದರ್ಶನದ ಸಾಲು ಯಾವ ಕಡೆಗೆ ಎಂದು ಕೇಳಿ ಅರ್ಚಕನಾದ ನನ್ನ ತಲೆ ತಿನ್ನುವ ಭಕ್ತಾದಿಗಳು ಈ ಪುಸ್ತಿಕೆಯನ್ನು ಮೊದಲು ಓದಿಕೊಳ್ಳತಕ್ಕದ್ದು.

ಕಾಲಾಂತರದಲ್ಲಿ ಮುನಿಯ ನೆನಪು ಅಳಿದು, ಲಿಂಗದ ಮೇಲೆ ಪಾಚಿ ಬೆಳೆದು, ಮೀಸೆಯುಳ್ಳ, ಹುರುಪೆಯಿಲ್ಲದ, ಕಿವಿರಿನ ಇಕ್ಕೆಲದಲ್ಲಿ ವಿಷಮುಳ್ಳನ್ನು ಧರಿಸಿದ ಮುಗುಡು ಮೀನುಗಳು ಆ ಬಿಲವನ್ನೇ ಮನೆ ಮಾಡಿಕೊಂಡವು. ಸುಗ್ಗಿ ಮುಗಿದು ಹೊಳೆ ತಗ್ಗುವ ಚೈತ್ರಮಾಸದಲ್ಲಿ ತೀರವಾಸಿಗಳಾದ ಒಕ್ಕಲಮಕ್ಕಳಿಗೆ ಬಲೆ ಗಾಳಗಳ ಹಂಗಿಲ್ಲದೆ ಬರಿಗೈಯಲ್ಲಿ ಮುಗುಡು ಹಿಡಿಯುವುದೇ ಪರಮವಿನೋದವಾಗಿತ್ತು. ಒಬ್ಬನು ಉಸಿರು ಕಟ್ಟಿ ತಲೆಕೆಳಗಾಗಿ ಮುಳುಗಿ ಭುಜದವರೆಗೆ ಕೈಯನ್ನು ಬಿಲಕ್ಕೆ ತೂರಿಸಬೇಕು. ಅವನ ಒಡಹುಟ್ಟಾಗಲಿ ರಕ್ತಸಂಬಂಧಿಯಾಗಲಿ ಬಂಡೆಯ ಅಂಚಿನಲ್ಲಿ ಸೊಂಟದಾಳದ ನೀರಿನಲ್ಲಿ ನಿಂತು ಅವನ ಎರಡೂ ಕಾಲುಗಳನ್ನು ಹಿಡಿದಿರಬೇಕು. ಬಲಗಾಲು ಅಲುಗಿದರೆ ಮೀನು ಕೈಸೇರಿತು, ಎಳೆ ಎಂದರ್ಥ. ಕಾಲು ನಿಶ್ಚಲವಾಗಿದ್ದರೆ ಎಳೆಯಕೂಡದು, ಏಕೆಂದರೆ ಆಗ ಬೆರಳುಗಳು ಮುಳ್ಳಿನ ಹಿಂದೆ ಸರಿಯಾದ ಹಿಡಿತವನ್ನು ಅರಸುತ್ತಿರುತ್ತವೆ. ಅವಸರದಿಂದ ಎಳೆದರೆ ಮುಳ್ಳು ಅಂಗೈಯನ್ನು ಸೀಳಿಬಿಡುತ್ತದೆ. ಮೀನು ಬೆದರೀತೆಂದು ಕಾಲು ಹಿಡಿದವರು ಬಾಯಿ ಬಿಡುವಂತೆಯೂ ಇರಲಿಲ್ಲ.

ಆ ತೀರದಲ್ಲಿ ದಾರು ಎಂಬ ಸಾಧ್ವಿಯೂ ಅವಳ ತಮ್ಮನಾದ ಕುಪ್ಪನೂ ವಾಸವಾಗಿದ್ದರು. ಇವರ ತಂದೆ ಮುಗುಡು ಹಿಡಿಯುವುದರಲ್ಲಿ ಎತ್ತಿದ ಕೈ. ದಾರು ಇನ್ನೂ ಹುಡುಗಿಯಾಗಿದ್ದಾಗ ಒಮ್ಮೆ ತಂದೆಯ ಕಾಲು ಹಿಡಿದು ನಿಂತವಳು, ಬಹಳ ಹೊತ್ತಾದರೂ ಕಾಲು ಅಲುಗದಿದ್ದುದಕ್ಕೆ ಹೆದರಿ, ತಡೆಯಲಾರದೆ ಎಳೆದುಬಿಟ್ಟಳು. ಮುಳ್ಳು ಅಂಗೈಯಿಂದ ಮಣಿಕಟ್ಟಿನವರೆಗೆ ಸೀಳಿತು. ಗಾಯ ಕೀವುಗಟ್ಟಿ, ಜ್ವರವೇರಿ, ಮಳೆಗಾಲ ಹಿಡಿಯುವ ಮೊದಲೇ ತಂದೆ ತೀರಿಕೊಂಡನು. ಸಾಯುವವರೆಗೂ ಅವನು ಮಗಳಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವಳ ಸಂಕಟ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಅಂದಿನಿಂದ ಅವಳ ಕೈಗಳಿಗೆ ನಡುಕ ಹತ್ತಿತು. ತಾಯಿಯೂ ಇಲ್ಲದ ತಮ್ಮನನ್ನು ಆ ನಡುಗುವ ಕೈಯಲ್ಲೇ ಉಣಿಸಿ ಬೆಳೆಸಿದಳು. ಅವನನ್ನು ಬಿಟ್ಟರೆ ಅವಳಿಗೆ ತನ್ನವರೆನ್ನುವವರು ಯಾರೂ ಇರಲಿಲ್ಲ.

ಕುಪ್ಪನು ಪ್ರಾಯಪ್ರಬುದ್ಧನಾಗಿ ಅವನಿಗೆ ಹೆಣ್ಣು ಗೊತ್ತಾದ ವರ್ಷದ ಚೈತ್ರವದು. ಹೆಬ್ಬಂಡೆಯ ಬಿಲದಲ್ಲಿ ತೆಂಗಿನಕಾಯಿಯಷ್ಟು ತಲೆಯುಳ್ಳ ಹಿರಿಮುಗುಡೊಂದಿದೆ, ಕೈಗೆ ಸಿಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ ಎಂದು ಮುಳುಗಿ ಬಂದವರೆಲ್ಲ ಹೇಳುತ್ತಿದ್ದರು. ಬೀಗರ ಮುಂದೆ ಅದನ್ನು ಹಿಡಿದು ತೋರಿಸದೆ ಮದುವೆಯೇ ಇಲ್ಲವೆಂದು ಈ ಮಹಾಶಯನು ಹಟ ಹಿಡಿದನು.

"ಅಕ್ಕ, ಕಾಲ್ ಹಿಡಿತ್ಯಾ?" ಎಂದು ಅವನು ಕೇಳಿದಾಗ, "ನನ್ ಕೈ ನಡುಗತ್ ಮಾರಾಯ, ಬೇರೆ ಯಾರನ್ನಾರೂ ಕರಿ" ಎಂದು ದಾರು ಹಿಂಜರಿದಳು.

"ಬೇರೆಯವರ್ ಕೈಯಂಗೆ ನನ್ ಕಾಲ್ ಕೊಡುದಾ? ನೀನೇ ಬಾ. ಹೆದ್ರಿ ಎಳಿಬೇಡ, ಕಾಣ್."

ಅವನು ನಗುತ್ತಲೇ ಆಡಿದ ಆ ಕಡೆಯ ಮಾತು ಅವಳ ಎದೆಗೆ ನಾಟಿತು.

ಊರವರೂ ಬೀಗರೂ ದಡದಲ್ಲಿ ನೆರೆದಿರಲು ಕುಪ್ಪನು ಮುಳುಗಿದನು. ಬಿಲದೊಳಗೆ ಅವನ ಕೈಗೆ ನುಣುಪಾದ, ತಣ್ಣಗಿನ, ದುಂಡಗಿನ ವಸ್ತುವೊಂದು ತಗುಲಿತು. ಹಿರಿಮುಗುಡಿನ ತಲೆಯಿದೇ ಎಂದು ಬಗೆದು ಅವನು ಸರ್ವಶಕ್ತಿಯಿಂದ ಹಿಡಿದನು. ಹಿಡಿದದ್ದು ಸಾಕ್ಷಾತ್ ಪರಶಿವನನ್ನೆಂದು ಆ ಮರುಳನಿಗೆ ಹೇಗೆ ತಿಳಿಯಬೇಕು? ಮೇಲೆ ದಾರುವಿನ ಕೈಯಲ್ಲಿ ಕಾಲುಗಳು ನಿಶ್ಚಲವಾಗಿದ್ದವು. ಎಳೆಯಬೇಕೆಂದು ಅವಳ ಜೀವವೆಲ್ಲ ಒದ್ದಾಡುತ್ತಿದ್ದರೂ, ತಂದೆಯ ಸೀಳಿದ ಅಂಗೈ ಕಣ್ಣಮುಂದೆ ಬಂದು, ಅಂದು ಎಳೆದು ಕೆಟ್ಟೆ, ಇಂದು ಎಳೆಯಲಾರೆನೆಂದು ಹಲ್ಲು ಕಚ್ಚಿ, ದಡದವರ ಗುಸುಗುಸು ಅಡಗಿದ್ದನ್ನೂ, ನೀರಗುಳ್ಳೆಗಳು ಏಳುವುದು ನಿಂತದ್ದನ್ನೂ, ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನೂ ಕಾಣುತ್ತ ಕಾಣುತ್ತ ಅವಳು ಕಾದಳು. ಕಾದದ್ದು ಹೆಚ್ಚಾಯಿತು.

ಉಸಿರು ಹಿಡಿದವನ ಕಾಲು ನಿಶ್ಚಲವಾಗಿದ್ದರೂ ಕಾಲ್ಬೆರಳುಗಳು ಬಿಗಿಯಾಗಿರುತ್ತವೆ. ಆ ಬೆರಳುಗಳು ಸಡಿಲವಾದದ್ದು ಅವಳ ಅಂಗೈಗೆ ತಿಳಿಯಿತು. ಆಗ ಎಳೆದಳು. ಬರಲಿಲ್ಲ. ದಡದಿಂದ ಗಂಡಸರು ನೀರಿಗೆ ಹಾರಿ ಬಂದು ತಾವೂ ಎಳೆದರು. ಬಿಲದೊಳಗಿನ ಕೈ ಹಿಡಿದದ್ದನ್ನು ಬಿಡದೆ ಸೆಟೆದುಕೊಂಡಿತ್ತು. ಎಳೆದಷ್ಟೂ ಭುಜ ಬಂಡೆಗೆ ಕಚ್ಚಿಕೊಂಡಿತು. ಏನಾದರೂ ಕಾಲು ಬಿಡಬಾರದೆಂಬುದು ತಲೆತಲಾಂತರದ ಕಟ್ಟುಪಾಡು. ಕಾಲು ಬಿಟ್ಟವರಿಗೆ ಊರಲ್ಲಿ ಯಾರೂ ನೀರು ಸಹ ಕೊಡುತ್ತಿರಲಿಲ್ಲ. ದಾರು ಬಿಟ್ಟಳು. ಜನ್ಮದಲ್ಲಿ ತಲೆ ಮುಳುಗಿಸಿ ಅರಿಯದವಳು, ತನ್ನ ಕಾಲು ಹಿಡಿಯುವವರು ಯಾರೆಂದು ಹಿಂದಿರುಗಿ ನೋಡದೆ, ಗುಂಡಿಗಿಳಿದಳು.

ತಮ್ಮನ ಮೈಯನ್ನು ತಡವುತ್ತ ತಡವುತ್ತ ಬಿಲದ ಬಾಯಿಗೆ ಬಂದು, ಅವನ ತೋಳಿನ ಪಕ್ಕದಲ್ಲಿ ತನ್ನ ಬಡಕಲು ತೋಳನ್ನು ತೂರಿಸಿ, ಆ ನಡುಗುವ ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಡೆಯ ಬೆರಳು ಬಿಡುವಾಗ ಅವಳ ಅಂಗೈ ಲಿಂಗಕ್ಕೆ ತಗುಲಿತು. ಆಗ ಜಲಗರ್ಭದಿಂದ ಗಂಭೀರವಾದ ಅಶರೀರವಾಣಿಯು ಅವಳೊಬ್ಬಳಿಗೇ ಕೇಳಿಸಿತು:

"ಮಗಳೇ, ಇವನನ್ನು ಕೊಂಡುಹೋಗು. ನಿನ್ನ ಕೈಯ ನಡುಕವನ್ನು ನನ್ನಲ್ಲಿ ಬಿಟ್ಟುಹೋಗು. ಅದು ಈ ನೀರಿನಲ್ಲಿ ಇರುವವರೆಗೆ ನಾನೂ ಇಲ್ಲಿ ಇರುವೆನು."

ಊರವರು ಇಬ್ಬರನ್ನೂ ಎತ್ತಿ ಬಂಡೆಯ ಮೇಲೆ ಹಾಕಿದರು. ಕುಪ್ಪನ ಮುಖ ನೀಲಿಗಟ್ಟಿತ್ತು. ಬೋರಲು ಮಲಗಿಸಿ ನೀರು ಕಕ್ಕಿಸಿದರೂ ಉಸಿರಾಡಲಿಲ್ಲ. ನೋಡಿದವರೆಲ್ಲ ತಲೆ ತಗ್ಗಿಸಿದರು. ದಾರು ಮಾತ್ರ, ಕಾಲು ಹಿಡಿದಾಗ ನುಂಗಿಕೊಂಡಿದ್ದ ಒಂದೇ ಮಾತನ್ನು ಅವನ ಕಿವಿಯ ಬಳಿ ಕೂಗತೊಡಗಿದಳು: "ಇದ್ಯಾ? ಕುಪ್ಪ, ಇದ್ಯಾ?" ಕೂಗಿ ಕೂಗಿ ಗಂಟಲು ಕಟ್ಟಿತು. ಬೀಗರು ಹೆಗಲುವಸ್ತ್ರ ಸರಿಮಾಡಿಕೊಂಡು ಹೊರಡಲು ಎದ್ದಾಗ, ಅವನ ಬಲಗಾಲಿನ ಹೆಬ್ಬೆರಳು ಅಲುಗಿತು.

ಆಗ ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನಡುಕವಿರಲಿಲ್ಲ. ಗಾಳಿಯಿಲ್ಲದ ಆ ಮಧ್ಯಾಹ್ನ ಹೆಬ್ಬಂಡೆಯ ಬುಡದ ನೀರು ಮಾತ್ರ ಸಣ್ಣಗೆ ನಡುಗುತ್ತಿತ್ತು.

ಭಕ್ತರು ಇಂದಿಗೂ ಅದನ್ನು ಕಣ್ಣಾರೆ ಕಾಣಬಹುದು. ಅಡಿಯಲ್ಲಿ ಒರತೆಯಿದೆ, ಅದಕ್ಕೇ ನೀರು ಅಲುಗುತ್ತದೆ ಎಂದು ಓದಿದವರೊಬ್ಬರು ನನಗೆ ತಿಳಿಸಿಕೊಟ್ಟರು. ಇರಲಿ ಸ್ವಾಮಿ, ಒರತೆಯನ್ನು ಇಟ್ಟವರು ಯಾರು? ಈ ಗುಂಡಿಯಲ್ಲಿ ಈಗ ಯಾರೂ ಮುಗುಡು ಹಿಡಿಯುವುದಿಲ್ಲ, ಅಕ್ಕಿ ಹಾಕುತ್ತಾರೆ. ಚೈತ್ರ ಹುಣ್ಣಿಮೆಯಂದು ನೀರು ತಗ್ಗಿ ಬಿಲದ ಬಾಯಿ ಹೊರಗೆ ಕಾಣುವಾಗ, ಮನೆಯವರ ಕ್ಷೇಮಕ್ಕಾಗಿ ಹರಕೆ ಹೊತ್ತವರು ಬಂಡೆಯ ಮೇಲೆ ಬೋರಲು ಮಲಗಿ, ಭುಜದವರೆಗೆ ಕೈ ಇಳಿಸಿ, ಸ್ವಾಮಿಯನ್ನು ತೆರೆದ ಅಂಗೈಯಿಂದ ಮುಟ್ಟುತ್ತಾರೆ, ಮುಷ್ಟಿ ಹಿಡಿಯತಕ್ಕದ್ದಲ್ಲ. ಒಡಹುಟ್ಟಿದವರು ಕಾಲು ಹಿಡಿದು "ಇದ್ಯಾ?" ಎಂದು ಕೇಳುತ್ತಿರಬೇಕು, ಮಲಗಿದವರು ಬಲಗಾಲಿನ ಹೆಬ್ಬೆರಳು ಆಡಿಸಬೇಕು. ಇಲ್ಲಿ ಕಾಲು ಹಿಡಿದವರು ಸುಮ್ಮನಿರಕೂಡದು. ದಾರು ಹಣ್ಣುಮುದುಕಿಯಾದ ಮೇಲೂ ತಮ್ಮನ ಮನೆಯ ಮುಂದೆ ಹಾದು ಹೋಗುವಾಗ ಹಾಗೆಯೇ ಕೇಳುತ್ತಿದ್ದಳಂತೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದ ಕುಪ್ಪನು ಜಗಲಿಯಿಂದ "ಇದ್ದೆ ಅಕ್ಕ" ಎನ್ನುತ್ತಿದ್ದನಂತೆ.

ಸಾಯಂಪೂಜೆಯ ಬಳಿಕ ಅರ್ಚಕನು ಗುಂಡಿಯ ಕಡೆಗೆ ತಿರುಗಿ ಅದೇ ಮಾತನ್ನು ಕೇಳಿ, ನೀರು ನಡುಗಿದ್ದನ್ನು ಕಂಡ ಮೇಲೆಯೇ ದಡದ ಗುಡಿಯ ಬಾಗಿಲು ಹಾಕುವುದು ನಮ್ಮ ಸಂಪ್ರದಾಯ. ನೀರು ನಡುಗದ ದಿನ ಇದುವರೆಗೆ ಬಂದಿಲ್ಲ. ಆದರೂ ಕೆಲವು ಸಂಜೆ ಅದು ಸ್ವಲ್ಪ ತಡ ಮಾಡುತ್ತದೆ, ಆಗ ಬಾಗಿಲ ಮೇಲಿಟ್ಟ ನನ್ನ ಕೈ ನಡುಗುತ್ತದೆ.