ಮಂಚಮ್ಮ ಹಾಕಿದ ಬಾಗಿಲು

ಇಲ್ಲ, ಸೊಸೆ ಮೇಲಿನ ಸಿಟ್ಟಿಗೆ ಮಂಚಮ್ಮ ಬಾಗಿಲು ಹಾಕಿದ್ದಲ್ಲ. ನೀವು ಬಾಯಿಬಿಟ್ಟು ಕೇಳಲಿಲ್ಲ, ಸರಿ. ಆದರೆ ಈ ಕತೆ ಎತ್ತಿದರೆ ಸಾಕು, ಎಲ್ಲರ ಮೂತಿನೂ ಅದನ್ನೇ ಕೇಳುತ್ತೆ. ಅತ್ತೆ ಅಂದಮೇಲೆ ಸಿಟ್ಟೇ ಇರಬೇಕಾ? ಕೂತ್ಕೊಳ್ಳಿ.

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲ. ಹೊಳೆ ದಂಡೇಲಿ ಒಂದೂರು. ಸುತ್ತ ಹೊಗೆಸೊಪ್ಪಿನ ಹೊಲ. ಹೆಂಗಸರು ಕೋಳಿ ಕೂಗೋ ಹೊತ್ತಿಗೇ ಎಲೆ ಮುರಿಯೋಕೆ ಹೋಗೋರಂತೆ, ಮಂಜಲ್ಲಿ ಎಲೆ ಪಟಪಟ ಮುರಿಯುತ್ತೆ ಅಂತ. ಮುರಿದದ್ದನ್ನ ಕಂಕುಳಲ್ಲಿ ಅವುಚಿಕೊಂಡು ಬರೋಷ್ಟರಲ್ಲಿ ರವಿಕೆ, ಸೆರಗು ಎಲ್ಲಾ ತೊಪ್ಪೆ. ಬಿಸಿಲೇರುತ್ತಲೂ ಒಬ್ಬಳಿಗೆ ತಲೆಸುತ್ತು, ಇನ್ನೊಬ್ಬಳಿಗೆ ವಾಂತಿ. ಹೊಲದಮ್ಮ ಹಿಡಿದಳು ಅನ್ನೋರು, ನಿಂಬೆಹಣ್ಣು ನಿವಾಳಿಸೋರು. ಪಟೇಲನಿಗಂತೂ ಅದೇ ಹೆಮ್ಮೆ. ಇವತ್ತು ನನ್ನ ಹೊಲದಲ್ಲಿ ನಾಲ್ಕು ಜನ ಬಿದ್ದರು, ಅಂಥಾ ಖಾರದ ಸೊಪ್ಪು ನಂದು ಅಂತ ಮೀಸೆ ತಿರುವೋನಂತೆ.

ಮಂಚಮ್ಮ ನಾಟಿ ವೈದ್ಯಳೂ ಅಲ್ಲ, ಸೂಲಗಿತ್ತಿನೂ ಅಲ್ಲ. ಅವಳು ಹೆಸರಾಗಿದ್ದು ಬೈಗುಳಕ್ಕೆ. ಈ ದಡದಲ್ಲಿ ಬೈದರೆ ಆಚೆ ದಡದ ಎಮ್ಮೆ ಹಾಲು ಕೊಡ್ತಿರಲಿಲ್ಲ ಅಂತಾರೆ. ಮಗ ಗಾಡಿ ಹೊಡ್ಕೊಂಡು ಊರೂರು ತಿರುಗೋನು. ಮನೇಲಿ ಇವಳು, ಸೊಸೆ ಜವರಿ, ಹಾಲು ಕುಡಿಯೋ ಕೂಸು.

ಒಂದಿನ ಜವರಿ ಹೊಲದಿಂದ ಬಂದವಳು ಹಂಗೇ ಜಗಲಿ ಮೇಲೆ ಕೂತು ಕೂಸಿಗೆ ಹಾಲು ಕೊಟ್ಟಳು. ಬಿಸಿಲ ಝಳಕ್ಕೆ ತಂಪಾಗಲಿ ಅಂತ ಒದ್ದೆ ಸೆರಗನ್ನೇ ಸುತ್ತಿದಳು. ಸ್ವಲ್ಪ ಹೊತ್ತಿಗೆ ಕೂಸು ಬೆಳ್ಳಗಾಯಿತು, ಬೆವೆತು ಹೋಯಿತು, ಕುಡಿದದ್ದನ್ನೆಲ್ಲ ಕಕ್ಕಿ ಕತ್ತು ವಾಲಿಸಿತು. ಜವರಿ ಕಿರುಚಿದ್ದಕ್ಕೆ ಓಣಿಯೆಲ್ಲ ಓಡಿಬಂತು.

ಹೊಲದಮ್ಮ ಮನೆ ತನಕ ಬಂದವಳೆ, ನಿಂಬೆಹಣ್ಣು ತನ್ನಿ ಅಂದರು ಅಕ್ಕಪಕ್ಕದೋರು.

"ಅವಳಿಗೆ ನನ್ನ ಮೊಮ್ಮಗನ ಹತ್ರ ಏನು ಕೆಲಸ?" ಅಂದಳು ಮಂಚಮ್ಮ. "ಇವನೇನು ಅವಳ ಎಲೆ ಮುರಿದನಾ?"

ಕೂಸನ್ನ ಎತ್ತಿ ಮೂಸಿದಳು. ಹೊಗೆಸೊಪ್ಪಿನ ವಾಸನೆ. ಸೆರಗು ಮೂಸಿದಳು. ಅದೇ ವಾಸನೆ. ಕೂಸಿಗೆ ಕಡ್ಲೆಹಿಟ್ಟು ಹಚ್ಚಿ, ಬಿಸಿನೀರು ಹುಯ್ದು ತೊಳೆದಳು, ತೊಳೆದಳು, ತೊಳೀತಾನೇ ಇದ್ದಳು. ಎರಡು ಹಂಡೆ ನೀರು ಅಂತಾರೆ, ಬಾವಿನೇ ಬತ್ತಿತು ಅಂತಾರೆ. ಆಮೇಲೆ ಕೂಸನ್ನ ಬರೀ ಎದೆಗೆ ಅಪ್ಪಿಕೊಂಡು ಕೂತಳು. ಅವಳ ಬಾಯಿಂದ ಒಂದೇ ಒಂದು ಬೈಗುಳ ಬರಲಿಲ್ಲ, ಅದನ್ನ ನೋಡಿನೇ ಜವರಿ ಕೂಸಿನ ಆಸೆ ಬಿಟ್ಟಳು. ದೀಪ ಹಚ್ಚೋ ಹೊತ್ತಿಗೆ ಕೂಸು ಅತ್ತಿತು.

ಮಾರನೆ ದಿನ ಮಂಚಮ್ಮ ಒದ್ದೆ ಎಲೆಗಳನ್ನ ತೋಳಿಗೆ ಕಟ್ಕೊಂಡು ಪಟೇಲನ ಜಗಲಿ ಮೇಲೆ ಕೂತಳಂತೆ. ಮಧ್ಯಾಹ್ನಕ್ಕೆ ಅವನ ಥಳಥಳ ನೆಲದ ಮೇಲೇ ಕಕ್ಕಿದಳು.

"ಪಟೇಲಪ್ಪ, ನಾನು ಸೊಪ್ಪು ಬಾಯಿಗೆ ಹಾಕಿಲ್ಲ, ನೋಡು. ಚರ್ಮಕ್ಕೂ ಬಾಯಿದೆ ಕಣಪ್ಪ. ನಾವು ಉಣ್ಣಿಸದಿದ್ರೂ ಉಣ್ಣುತ್ತೆ. ನಿನ್ನ ಮೊಮ್ಮಗನ್ನ ಕೊಡು, ಅವನಿಗೂ ಸುತ್ತಿ ತೋರಿಸ್ತೀನಿ."

ಪಟೇಲ ಮೊಮ್ಮಗನ್ನ ಒಳಗೆ ಕಳಿಸಿದ. ಅವತ್ತಿಂದ ದಿನಾ ಎಲೆ ಮೇಲಿನ ಮಂಜು ಆರೋವರೆಗೂ ಯಾವ ಹೆಂಗಸೂ ಹೊಲಕ್ಕೆ ಇಳೀಲಿಲ್ಲ.

ಆದರೂ ಎಲೆಯ ಅಂಟು ಮೈಗೆ ಹತ್ತೇ ಹತ್ತುತ್ತೆ. ಅದಕ್ಕೇ ಜವರಿ ಮತ್ತೆ ಎಲೆ ಮುರಿದು ವಾಪಸ್ ಬಂದಾಗ ಬಾಗಿಲು ಹಾಕಿತ್ತು. ತೊಳ್ಕೊ, ಗಳುವಿನ ಮೇಲಿರೋ ಸೀರೆ ಉಟ್ಕೊ, ಆಮೇಲೆ ಒಳಗೆ ಅಂತು ಅತ್ತೆಯ ದನಿ. ಒಳಗೆ ಕೂಸು ಕಿರುಚ್ತಿದೆ, ಹೊರಗೆ ಜವರಿಯ ಎದೆ ಹಾಲಿಗೆ ರವಿಕೆ ನೆನೀತಿದೆ. "ಮುದುಕಿ, ನಿನಗೆ ಕರುಳಿಲ್ಲ" ಅಂತ ಬಾಗಿಲು ಗುದ್ದಿದಳು. ಬಾಗಿಲು ತೆಗೀಲಿಲ್ಲ. ಅಳುತ್ತಾ ತಿಕ್ಕಿ ತಿಕ್ಕಿ ತೊಳ್ಕೊಂಡಳು. ಕೊನೆಗೆ ಅಗುಳಿ ಸರಿದಾಗ ನೋಡ್ತಾಳೆ, ಮಂಚಮ್ಮನ ಕಣ್ಣೂ ಊದಿತ್ತಂತೆ. ಬಾಗಿಲಿಗೆ ಬೆನ್ನು ಕೊಟ್ಟು ಇಷ್ಟು ಹೊತ್ತೂ ಅವಳೂ ಅಳ್ತಾ ಕೂತಿದ್ದಳು ಅಂತಾರೆ.

ಈಗಲೂ ಆ ಊರಲ್ಲಿ ಮನೆಮನೆ ಮುಂದೆ ಒಂದು ಹಂಡೆ ನೀರು, ಗಳುವಿನ ಮೇಲೆ ಒಂದು ಒಣಗಿದ ಸೀರೆ ಇರುತ್ತೆ. ಎಲೆ ಮುರಿಯೋ ಕಾಲದಲ್ಲಿ ಹೊಲಕ್ಕೆ ಹೊರಡೋ ಬಾಣಂತಿ ಕೂಸನ್ನ ಅತ್ತೆ ಮಡಿಲಿಗೆ ಹಾಕ್ತಾಳೆ. ಅತ್ತೆ ಹೆಸರು ಏನೇ ಇರಲಿ, "ಮಂಚಮ್ಮ, ತೊಳ್ಕೊಳ್ಳೋವರೆಗೂ ನಾನು ಎಷ್ಟು ಬೈದರೂ ಬಾಗಿಲು ತೆಗೀಬೇಡ" ಅಂತಾಳೆ. ಕೂಸಿನ ನೆತ್ತಿ ಒಂದು ಸಲ ಮೂಸ್ತಾಳೆ. ಹೊರಗೆ ಹೋಗಿ, ತಾನೇ ಬಾಗಿಲು ಎಳ್ಕೊತಾಳೆ.