ಗುಬ್ಬಚ್ಚಿ ಸಂಸಾರ ಹೂಡಿದ ನಗಾರಿ

"ಮೂರು ವರ್ಷದಿಂದ ನನ್ನ ರಾಜ್ಯದಲ್ಲಿ ಒಂದೇ ಒಂದು ದೂರಿಲ್ಲ!" ಎಂದು ಚೀನಾದೇಶದ ಒಬ್ಬ ಚಕ್ರವರ್ತಿ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಹೇಳಿದ.

ಹೇಳಿದ್ದು ಸುಳ್ಳಲ್ಲ. ಅರಮನೆಯ ಬಾಗಿಲಲ್ಲಿ ಆಳೆತ್ತರದ ನಗಾರಿಯೊಂದಿತ್ತು. ಅನ್ಯಾಯಕ್ಕೊಳಗಾದವರು ಅದನ್ನು ಬಾರಿಸಿದರೆ ಚಕ್ರವರ್ತಿ ಊಟ ಬಿಟ್ಟಾದರೂ ಎದ್ದು ಬರಬೇಕು. ಅದು ಅವನ ತಾತನ ಕಾಲದ ಪದ್ಧತಿ. ಈಗ ಆ ನಗಾರಿಯ ಮೇಲೆ ಗುಬ್ಬಚ್ಚಿ ಸಂಸಾರ ಹೂಡಿತ್ತು.

ಯಾಕೆಂದರೆ ಮಂತ್ರಿ ಫಾಂಗ್ ಎರಡು ಕಟ್ಟಳೆ ಸೇರಿಸಿದ್ದ. ನಗಾರಿ ಮುಟ್ಟುವ ಮೊದಲು, ಯಾರ ಮೇಲೆ ದೂರೋ ಅವರಿಂದಲೇ ಒಪ್ಪಿಗೆ ಪತ್ರ ತರಬೇಕು. ತಂದವರು, ದೂರು ನಿಜವೆಂದು ತೋರಿಸಲು ಮೂವತ್ತು ಬೆತ್ತದೇಟು ತಿನ್ನಬೇಕು. ಇಂಥ ಮೇಧಾವಿ ಮಂತ್ರಿಯಿದ್ದರೆ ಯಾವ ರಾಜ್ಯದಲ್ಲಿ ತಾನೇ ದೂರು ಹುಟ್ಟೀತು? ಚಕ್ರವರ್ತಿ ಕಟ್ಟಳೆಗೆ ಮುದ್ರೆ ಒತ್ತಿದ್ದ, ಓದಿರಲಿಲ್ಲ. ಒತ್ತುವಷ್ಟರಲ್ಲೇ ಪಾಪ ಅವನ ಕೈ ಸೋತಿತ್ತು.

ಆ ದಿನ ಸಭೆಯಲ್ಲಿ ನೆರೆಯ ಮೂರು ರಾಜ್ಯಗಳ ರಾಯಭಾರಿಗಳಿದ್ದರು. ರಾಜ್ಯ ರಾಜ್ಯಗಳ ಜಗಳ ತೀರಿಸಲು ಗಡಿಯ ಸೇತುವೆಯ ಬಳಿಯೂ ಒಂದು ನಗಾರಿ ಇಡುವುದೆಂದು ಮಾತಾಗಿತ್ತು. ನೊಂದ ರಾಜ ಬಾರಿಸಿದರೆ ನಾಲ್ಕೂ ರಾಜ್ಯಗಳು ಕೂಡಿ ನ್ಯಾಯ ಹೇಳಬೇಕು. ಆದರೆ ಅದಕ್ಕೆ ಯಾರ ಕಾನೂನು?

"ಇನ್ಯಾರದು? ನಮ್ಮದೇ!" ಎಂದ ಚಕ್ರವರ್ತಿ. "ಲೋಕವೆಲ್ಲ ನಮ್ಮನ್ನು ನೋಡಿ ಕಲಿಯಲಿ. ಏನಯ್ಯಾ ಗುವೋ ಶಾನ್, ಬರೆದುಕೋ!"

ಗುವೋ ಶಾನ್ ಆಸ್ಥಾನದಲ್ಲಿ ಕಾನೂನು ಬರೆಯುವ ಲಿಪಿಕಾರ. ಅವನ ಕಿವಿಯಲ್ಲಿ ಹಿಂದಿನ ದಿನದ ಅಳು ಇನ್ನೂ ಇತ್ತು. ದೋಣಿ ನಡೆಸುವವನ ಹೆಂಡತಿ ಮೇಯ್ ಅವನ ಕಾಲಿಗೆ ಬಿದ್ದಿದ್ದಳು.

"ಸ್ವಾಮಿ, ಮಂತ್ರಿಗಳ ಮಗನ ಮದುವೆ ದಿಬ್ಬಣಕ್ಕೆ ದೋಣಿ ಬಿಡಲಿಲ್ಲ ಅಂತ ನನ್ನ ಗಂಡನನ್ನ ಸೆರೆಗೆ ಹಾಕಿದ್ದಾರೆ. ಹೊಳೆ ತುಂಬಿ ಹರೀತಿತ್ತು, ಬಿಟ್ಟಿದ್ದರೆ ಮದುಮಗನೇ ಮುಳುಗಿಹೋಗ್ತಿದ್ದ! ಹುಣ್ಣಿಮೆಗೆ ಅವನನ್ನ ಗಡಿಗೋಡೆ ಕಟ್ಟೋಕೆ ಕಳಿಸ್ತಾರಂತೆ. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದಿಲ್ಲ."

"ನಗಾರಿ ಬಾರಿಸಲಿಲ್ಲವೇನಮ್ಮಾ?"

"ಮಂತ್ರಿಗಳ ಮೇಲೆ ದೂರು ಕೊಡೋಕೆ ಮಂತ್ರಿಗಳೇ ಒಪ್ಪಿಗೆ ಕೊಡಬೇಕಂತಲ್ಲ ಸ್ವಾಮಿ!"

ಬೇಲಿಯೇ ಎದ್ದು ಹೊಲ ಮೇಯುವುದು ಲೋಕದಲ್ಲಿ ಇದ್ದದ್ದೇ. ಇಲ್ಲಿ ಮೇಯಲು ಬೇಲಿಗೆ ಮುದ್ರೆ ಒತ್ತಿದ ಅಪ್ಪಣೆಯೂ ಇತ್ತು. ಗುವೋ ಶಾನನಿಗೆ ರಾತ್ರಿ ಅನ್ನ ಸೇರಲಿಲ್ಲ.

ಈಗ ಅವನು ಕುಂಚ ಕೈಗೆತ್ತಿಕೊಂಡು ಕೇಳಿದ, "ಮಹಾಪ್ರಭು, ನಮ್ಮ ನಗಾರಿಯ ಕಟ್ಟಳೆಗಳನ್ನು ಹಾಗೇ ಬರೆಯಲೇ?"

"ಒಂದಕ್ಷರ ಬದಲಾಗಕೂಡದು!"

"'ಒಳಗೆ ಹೇಗೋ ಹೊರಗೂ ಹಾಗೆ, ಒಂದು ಬದಲಾದರೆ ಎರಡೂ ಬದಲಾಗಬೇಕು' ಎಂದೂ ಸೇರಿಸಲೇ? ನಮ್ಮ ಕಾನೂನಿನ ಗೌರವಕ್ಕೆ."

"ಸೇರಿಸು! ಭೇಷ್!"

ಮಂತ್ರಿ ಫಾಂಗ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ರಾಯಭಾರಿಗಳು ಸಹಿ ಹಾಕಿದರು. ಹೊರಡುವಾಗ ಬೆಟ್ಟದ ಮೇಲಿನ ತೋರ್ಗಾ ರಾಜ್ಯದ ರಾಯಭಾರಿ ಗುವೋ ಶಾನನನ್ನು ಪಕ್ಕಕ್ಕೆ ಕರೆದ.

"ಹಾಗಾದರೆ, ನಾವು ನಿಮ್ಮ ಹೊಳೆಗೆ ಅಡ್ಡಗಟ್ಟೆ ಹಾಕಿದರೂ ನಾವೇ ಒಪ್ಪದೆ ನೀವು ನಗಾರಿ ಮುಟ್ಟುವಂತಿಲ್ಲವೇ?"

"ನಾನು ಬರೀ ಬರೆಯುವವನು ಸ್ವಾಮಿ," ಎಂದ ಗುವೋ ಶಾನ್. "ಓದಲು ಬರುವವರು ತಾವು."

ಹತ್ತು ದಿನ ಕಳೆಯಿತು. ಚಕ್ರವರ್ತಿ ಎಂದಿನಂತೆ ತಾವರೆಕೊಳದಲ್ಲಿ ವಿಹಾರಕ್ಕೆ ಹೊರಟರೆ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಬೆಟ್ಟದಿಂದ ಬರುವ ಹೊಳೆಯೇ ನಿಂತುಹೋಗಿತ್ತು. ಆರು ಜನ ಹೊತ್ತು ದಡ ಸೇರಿಸಿದ ಮೇಲೆ, ಕೆಸರಾದ ರೇಷ್ಮೆ ನಿಲುವಂಗಿಯಲ್ಲೇ ಅವನು ಗಡಿಯ ಸೇತುವೆಗೆ ಧಾವಿಸಿದ. ಹಿಂದೆ ಫಾಂಗ್, ಅವನ ಹಿಂದೆ ಗುವೋ ಶಾನ್.

ಚಕ್ರವರ್ತಿ ನಗಾರಿಯ ಕೋಲು ಎತ್ತಿದ. ತೋರ್ಗಾದ ಕಾವಲುಗಾರ ಬಾಗಿ ನಮಸ್ಕರಿಸಿ, "ಒಪ್ಪಿಗೆ ಪತ್ರ?" ಎಂದ.

"ಯಾರದು?"

"ನಮ್ಮ ದೊರೆಗಳದು. ದೂರು ಅವರ ಮೇಲಲ್ಲವೇ?"

"ನೀರು ಕದ್ದವನೇ ದೂರು ಕೊಡಲು ಒಪ್ಪಿಗೆ ಕೊಡಬೇಕೇ? ಯಾವ ಕತ್ತೆ ಬರೆದದ್ದು ಈ ಕಟ್ಟಳೆಯನ್ನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಫಾಂಗ್ ತನ್ನ ಗಡ್ಡ ಸವರಿಕೊಂಡ.

"ಒಂದಕ್ಷರವೂ ಬದಲಾಗಿಲ್ಲ ಮಹಾಪ್ರಭು," ಎಂದ ಗುವೋ ಶಾನ್. "ಒಪ್ಪಿಗೆ ಸಿಕ್ಕರೂ ಇನ್ನೊಂದು ಬಾಕಿಯಿದೆ."

ಕಾವಲುಗಾರ ವಿನಯದಿಂದ ಬೆತ್ತ ತೋರಿಸಿ, "ಮೂವತ್ತು," ಎಂದ.

ಚಕ್ರವರ್ತಿಯ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಹೋದವು.

"ಚಿಂತೆಯೇನು ಪ್ರಭು? ನಗಾರಿ ಸದ್ದು ಮಾಡದಿದ್ದರೆ ದೂರಿಲ್ಲವೆಂದೇ ಅರ್ಥ. ದೂರಿಲ್ಲವೆಂದರೆ ಕೊಳ ತುಂಬಿದೆ. ಸಭೆ ಕರೆದು ಸಾರಿಬಿಡೋಣ," ಎಂದ ಗುವೋ ಶಾನ್.

ಚಕ್ರವರ್ತಿ ತನ್ನ ಕೆಸರಿನ ನಿಲುವಂಗಿ ನೋಡಿಕೊಂಡ. ಮೂರು ವರ್ಷದ ಮೌನ ಎಂಥದೆಂದು ಅವನಿಗೆ ಮೊದಲ ಸಲ ತಿಳಿಯಿತು. ನಾಚಿಕೆಯಾಯಿತು.

"ಹರಿದು ಹಾಕು ಆ ಎರಡು ಕಟ್ಟಳೆ!"

ಫಾಂಗ್ ಓಡಿ ಬಂದ. "ಹೊರಗಿನದನ್ನು ಮಾತ್ರ ಮಹಾಪ್ರಭು! ಒಳಗಿನದು ಚೆನ್ನಾಗಿಯೇ ನಡೆಯುತ್ತಿದೆ!"

"ಆಗದು ಮಂತ್ರಿಗಳೇ," ಎಂದ ಗುವೋ ಶಾನ್. "ಒಂದು ಬದಲಾದರೆ ಎರಡೂ ಬದಲಾಗಬೇಕು. ಆ ಮಾತಿಗೆ ತಾವೇ ಚಪ್ಪಾಳೆ ತಟ್ಟಿದಿರಿ."

ಎರಡೂ ಕಡೆಯ ಕಟ್ಟಳೆಗಳು ಹೋದವು. ಚಕ್ರವರ್ತಿ ನಗಾರಿ ಬಾರಿಸುವ ಮೊದಲೇ ತೋರ್ಗಾ ರಾಜ ಅಡ್ಡಗಟ್ಟೆ ಒಡೆಸಿದ. ಮಾರನೆಯ ಬೆಳಿಗ್ಗೆ ಅರಮನೆಯ ಬಾಗಿಲಲ್ಲಿ ಢಂ ಢಂ ಎಂದಿತು. ಗುಬ್ಬಚ್ಚಿಗಳು ಹಾರಿದವು. ಮೇಯ್ ಕೈ ನೋಯುವವರೆಗೂ ಬಾರಿಸಿದಳು. ಹುಣ್ಣಿಮೆಗೆ ಮೂರು ದಿನ ಮೊದಲೇ ಅವಳ ಗಂಡ ಮನೆಗೆ ಬಂದ. ಗಡಿಗೋಡೆಯ ಕಲ್ಲು ಎಣಿಸಲು ಫಾಂಗ್ ಹೋದ.

ಅದೇ ದಿನ ಸಂಜೆ ಚಕ್ರವರ್ತಿ ಗುವೋ ಶಾನನನ್ನು ತುಂಬಿದ ಕೊಳದ ಬಳಿ ಕರೆಸಿದ.

"ನಿಜ ಹೇಳು. ತೋರ್ಗಾದವರಿಗೆ ಈ ಉಪಾಯ ಹೊಳೆದದ್ದು ಹೇಗೆ? ನನಗೆ ನಿನ್ನ ಮೇಲೇ ಅನುಮಾನ."

"ಹಾಗಾದರೆ ನನ್ನ ಮೇಲೆ ದೂರು ಕೊಡಿ ಮಹಾಪ್ರಭು, ನಗಾರಿ ಅಲ್ಲೇ ಇದೆ," ಎಂದು ಗುವೋ ಶಾನ್ ಕೈಮುಗಿದ. "ಆದರೂ ನನ್ನ ಹಣೆಬರಹ ನೋಡಿ. ನಿನ್ನೆಯವರೆಗೂ ಅದಕ್ಕೆ ನನ್ನ ಒಪ್ಪಿಗೆ ಬೇಕಿತ್ತು!"

ಚಕ್ರವರ್ತಿ ನಕ್ಕೂ ನಕ್ಕೂ ದಡದಲ್ಲಿದ್ದ ದೋಣಿಯ ಅಂಚು ಹಿಡಿದುಕೊಂಡ. ನಿನ್ನೆಯಿಂದ ತೊಳೆಸದೆ ತೊಟ್ಟಿದ್ದ ರೇಷ್ಮೆ ನಿಲುವಂಗಿಯನ್ನೇ ಬಿಚ್ಚಿ ಅವನಿಗೆ ಹೊದಿಸಿದ. ಅದರ ಅಂಚಿನಲ್ಲಿ ಕೆಸರು ಇನ್ನೂ ಹಾಗೇ ಇತ್ತು. ಅದನ್ನು ತೊಳೆಯಬಾರದೆಂದು ಗುವೋ ಶಾನ್ ಹೆಂಡತಿಗೆ ಹೇಳಿದನಂತೆ.