ಪಿಳ್ಳಪ್ಪ ಆಂಟೆನಾ ಹಾಕಿದ್ದು

ನಗೋರು ಈಗಲೇ ನಕ್ಕುಬಿಡ್ರಪ್ಪ, ಆಮೇಲೆ ನಗು ಬರೋದಿಲ್ಲ.

ಕಲ್ಲುಕ್ವಾರಿ ಪಕ್ಕದ ತಗ್ಗಿನಲ್ಲಿ ಚೌಡಮ್ಮ ಅಂತ ಒಬ್ಬಳಿದ್ದಳು. ಅವಳ ಮಗ ಪಿಳ್ಳಪ್ಪ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಮಗಳು ಅಲಮೇಲು ಗಲ್ಫಿನಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲಿಯ ಒಡತಿ ಹಬ್ಬಕ್ಕೊಮ್ಮೆ ಮಾತ್ರ ಅವಳ ಕೈಗೆ ಫೋನು ಕೊಡುತ್ತಿದ್ದಳು. ಹೋದ ಸಲ ಕ್ವಾರಿ ಆಫೀಸಿನ ಫೋನಿಗೆ ಮಾಡಿ, ಚೆನ್ನಾಗಿದೀನಮ್ಮ ಅಂದಿದ್ದಳು. ಚೌಡಮ್ಮ ನಂಬಲಿಲ್ಲ. ದನಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ, ಈ ಸಲ ಮುಖ ನೋಡಲೇಬೇಕು ಅಂತ ಹಟ ಹಿಡಿದಳು.

ದಿಬ್ಬದ ಮೇಲಿನ ಶಾಲೆಯಲ್ಲಿ ವೈಫೈ ಇತ್ತು. ಮುಖ ನೋಡಿ ಮಾತಾಡಲಿ ಅಂತ ಮೇಷ್ಟ್ರು ಒಂದು ಹಳೇ ಕಂಪ್ಯೂಟರು ಕೊಟ್ಟರು. ಆದರೆ ಕಲ್ಲುಗೋಡೆಯೊಳಗೆ ಅದರ ವೈರ್‌ಲೆಸ್ ಕಾರ್ಡಿಗೆ ಸಿಗ್ನಲ್ಲು ಎಟುಕಲಿಲ್ಲ. ತಂತಿಯ ಆಂಟೆನಾ ಒಂದನ್ನು ಪಿಳ್ಳಪ್ಪನ ಕೈಗಿತ್ತು, ಮನೆ ಹೊರಗೆ ಇಡು ಅಂದರು. ಇಟ್ಟ. ಜಗಲಿ ಮೇಲೆ, ಚಪ್ಪಲಿ ಪಕ್ಕ.

ಮೇಷ್ಟ್ರು ಬೈದು, ಅದು ಕಾರ್ಡಿಗೆ ಸೇರಿರಬೇಕು, ಎತ್ತರದಲ್ಲೂ ಇರಬೇಕು ಅಂದರು. ಪಿಳ್ಳಪ್ಪ ಕಾರ್ಡನ್ನೇ ಕಿತ್ತು, ಆಂಟೆನಾಕ್ಕೆ ತಿರುಪಿ, ಎರಡನ್ನೂ ಹುಣಸೆಮರಕ್ಕೆ ಕಟ್ಟಿದ. ಚೌಡಮ್ಮ ಹಣೆ ಚಚ್ಚಿಕೊಂಡು, ಕಾರ್ಡು ಕಂಪ್ಯೂಟರಿನ ಹೊಟ್ಟೇಲೇ ಇರಬೇಕು ಕಣೋ ಅಂದಳು. ಮೇಷ್ಟ್ರು ಅದನ್ನು ಮತ್ತೆ ಒಳಗೆ ಕೂರಿಸಿಕೊಟ್ಟರು. ಹಾಗಾದರೆ ಕಂಪ್ಯೂಟರೂ ಎತ್ತರದಲ್ಲಿರಲಿ ಅಂತ ಪಿಳ್ಳಪ್ಪ ಅದನ್ನು ಹೊತ್ತು ಮಾಳಿಗೆಗೆ ಹತ್ತಿಸಿದ. ಅಲ್ಲಿ ಆಂಟೆನಾ ಸಿಕ್ಕಿಸಿದ್ದೇ ತಡ, ಸಿಗ್ನಲ್ಲು ಬಂದೇಬಿಟ್ಟಿತು. ಮೇಷ್ಟ್ರು ಇರಲಿ ಬಿಡು ಅಂದರು.

ಹಬ್ಬದ ಹಿಂದಿನ ಸಂಜೆ, ಗೂಡು ಸೇರಿದ್ದ ಕೋಳಿಗಳು ಪಿಳ್ಳಪ್ಪ ಮುಚ್ಚದೆ ಬಿಟ್ಟ ಕಿಂಡಿಯಿಂದ ಆಚೆ ಹೋಗಿ ನರಿ ಪಾಲಾದವು. ಚೌಡಮ್ಮ ಅತ್ತಳು. "ಒಳಗೆ ಬಂದ್ಮೇಲೆ ಬಂದ ದಾರಿ ಮುಚ್ಚಬೇಕೋ, ಪಾಪಿ. ಇಲ್ಲದಿದ್ರೆ ಹೊರಟೋಗ್ತವೆ."

ಹಬ್ಬದ ದಿನ ಅಲಮೇಲು ಬಂದಳು, ಪರದೆ ಮೇಲೆ. ಪಿಳ್ಳಪ್ಪ ಮಾಳಿಗೆಯಿಂದ ಕೂಗಿದ. ಮಂಡಿನೋವಿನ ಚೌಡಮ್ಮ ಮಗಳ ಹೆಸರು ಹೇಳುತ್ತಾ ಏಣಿ ಹತ್ತಿದಳು. ನೋಡಿದರೆ ಪರದೆ ಖಾಲಿ. ಕಿತ್ತ ಆಂಟೆನಾ ಮಗನ ಕೈಯಲ್ಲಿ.

"ಎಲ್ಲೋ ಅವಳು?"

"ಒಳಗವ್ಳೆ. ಒಡತಿ ಬರ್ತಾವ್ಳೆ, ಹೋಗ್ಬೇಕು ಅಂದ್ಳು. ಬಂದ ದಾರಿ ಮುಚ್ಚಿಬಿಟ್ಟೆ."

"ಹೆಂಗಿದ್ಲೋ?"

"ಒಂದು ಕಣ್ಣು ಊದ್ಕೊಂಡು ಮುಚ್ಚೋಗಿತ್ತು. ಅಮ್ಮನ್ನ ಕರಿ, ಬೇಗ ಕರಿ ಅಂತ ಅಳ್ತಿದ್ಲು."

ಚೌಡಮ್ಮ ಬೈಯಲಿಲ್ಲ. ಈ ಬುದ್ಧಿ ಹೇಳಿಕೊಟ್ಟವಳು ತಾನೇ ಅಲ್ಲವೇ.

ಪಿಳ್ಳಪ್ಪ ಕೆಳಗಿಳಿದು ಹೋಗಿ ಒಂದು ಒಬ್ಬಟ್ಟು ತಂದ. ಅದನ್ನು ಕಂಪ್ಯೂಟರಿನ ಮುಂದಿಟ್ಟು ಮೆಲ್ಲಗೆ ಹೇಳಿದ.

"ತಿನ್ನಕ್ಕ. ಇನ್ನು ನಿನ್ನ ಯಾರೂ ಕರ್ಕೊಂಡು ಹೋಗಲ್ಲ."